ಕೈಸಾಲ ವಾಪಸ್ ಬಂತು, ಸ್ನೇಹವೂ ಉಳಿಯಿತು

ಕೈಸಾಲ ಕೊಟ್ಟರೆ ದುಡ್ಡು ಹೋಗುತ್ತದೆ, ವಾಪಸ್ ಕೇಳಿದರೆ ಸ್ನೇಹ ಹೋಗುತ್ತದೆ ಅನ್ನುತ್ತಾರೆ. ನಾನು ಎರಡನ್ನೂ ಉಳಿಸಿಕೊಂಡಿದ್ದೇನೆ. ನನ್ನ ಉಪಾಯ ಕೇಳಿ ನಕ್ಕವರಲ್ಲಿ ಒಬ್ಬರು ಮೊನ್ನೆ ತಾವೇ ಮಾಡಿ ನೋಡಿ ಫೋನ್ ಮಾಡಿದ್ದರು. ಅದಕ್ಕೇ ಬರೆಯುವ ಧೈರ್ಯ ಬಂತು.

ಒಂದು ಕಾಲದಲ್ಲಿ ನನ್ನ ಎರಡು ತಿಂಗಳ ಸಂಬಳಕ್ಕಿಂತ ಜಾಸ್ತಿ ದುಡ್ಡು ಬೇರೆಯವರ ಹತ್ತಿರ ಇತ್ತು. ಅದರಲ್ಲಿ ವಾಪಸ್ ಬಂದದ್ದು ಸುಮಾರು ಮೂರನೇ ಒಂದು ಪಾಲು. ಹೋದ ದುಡ್ಡಿಗಿಂತ ಹೊಟ್ಟೆ ಉರಿಸಿದ್ದು ಬೇರೆ. ತೆಗೆದುಕೊಂಡವರು ನನ್ನನ್ನು ಕಂಡರೆ ತಲೆ ತಪ್ಪಿಸಿಕೊಳ್ಳುತ್ತಿದ್ದರು, ಅವರಿಗೆ ಮುಜುಗರ ಆಗದಿರಲಿ ಅಂತ ನಾನೇ ಬೇರೆ ದಾರಿ ಹಿಡಿಯುತ್ತಿದ್ದೆ!

ವಸೂಲಿಗೆ ಎಲ್ಲರೂ ಮಾಡುವುದನ್ನೆಲ್ಲ ಮಾಡಿದ್ದೇನೆ. 'ಈ ತಿಂಗಳು ಸ್ವಲ್ಪ ಟೈಟ್ ಇದೆ' ಅಂತ ಸೂಚನೆ ಕೊಟ್ಟರೆ, 'ಎಲ್ಲರದ್ದೂ ಅದೇ ಕಥೆ ಬಿಡಿ' ಅಂತ ಸಮಾಧಾನ ಹೇಳಿದರು. ತಮಾಷೆ ಮಾಡಿ ಕೇಳಿದರೆ ತಮಾಷೆಯಲ್ಲೇ ಉತ್ತರ. ಹಳೇ ಗೆಳೆಯನ ಹತ್ತಿರ ಚೀಟಿ ಬರೆಸಿಕೊಂಡೆ. ಕಂತು ತಪ್ಪದೆ ದುಡ್ಡೆಲ್ಲ ಬಂತು, ಗೆಳೆಯ ಮಾತ್ರ ಆಮೇಲೆ ಮನೆ ಕಡೆ ಬರಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಮೂರನೆಯವರ ಕೈಲಿ ಹೇಳಿಸುವುದು. ಅದರಿಂದ ದುಡ್ಡೂ ಬರಲಿಲ್ಲ, ಮಾತೂ ನಿಂತಿತು.

ಇದಕ್ಕೆ ಪುರಾವೆಯೂ ಇದೆ. 1969ರಲ್ಲಿ ಜೆಕರ್ ಮತ್ತು ಲ್ಯಾಂಡಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಸ್ಪರ್ಧೆಯಲ್ಲಿ ಹಣ ಗೆದ್ದವರಲ್ಲಿ ಕೆಲವರನ್ನು ಪ್ರಯೋಗ ನಡೆಸಿದವನೇ ಬಂದು 'ಆ ಹಣ ವಾಪಸ್ ಕೊಡುತ್ತೀರಾ' ಅಂತ ಕೇಳಿದ, ಕೆಲವರನ್ನು ಕಚೇರಿಯ ಸೆಕ್ರೆಟರಿ ಕೇಳಿದರು, ಉಳಿದವರನ್ನು ಯಾರೂ ಕೇಳಲಿಲ್ಲ. ಅವನು ಖುದ್ದಾಗಿ ಯಾರನ್ನು ಕೇಳಿದನೋ ಅವರೇ ಅವನನ್ನು ಹೆಚ್ಚು ಮೆಚ್ಚಿದರು. ಸೆಕ್ರೆಟರಿ ಯಾರನ್ನು ಕೇಳಿದರೋ ಅವರು ಅವನನ್ನು ಎಲ್ಲರಿಗಿಂತ ಕಡಿಮೆ ಮೆಚ್ಚಿದರು. ಅದು ಬಹುಮಾನದ ಹಣ, ಸಾಲದ್ದಲ್ಲ, ನಿಜ. ಆದರೂ ನನಗೆ ಒಂದು ಗಂಟು ಬಿಚ್ಚಿತು: ಕೆಡಿಸುವುದು ಕೇಳುವುದಲ್ಲ, ಸುತ್ತಿ ಬಳಸಿ ಕೇಳುವುದು.

ನನ್ನ ಕ್ರಮ ಈಗ ಹೀಗಿದೆ. ಸಾಲ ಕೇಳಿದವರಿಗೆ, ಹೋದರೂ ನಿದ್ದೆ ಕೆಡದಷ್ಟು ಮಾತ್ರ ಕೊಡುತ್ತೇನೆ. ಎಷ್ಟೋ ಸಲ ಅದು ಅವರು ಕೇಳಿದ್ದರ ಅರ್ಧ. ಇದು ನಿಮಗೂ ಗೊತ್ತಿರುವುದೇ. ಹೊಸದು ಮುಂದಿನದು. ದುಡ್ಡು ಕೈಗೆ ಕೊಡುವ ಮೊದಲೇ, ಅವರು ಇನ್ನೂ ನಗುನಗುತ್ತಾ ಕೂತಿರುವಾಗಲೇ, 'ಅಕಸ್ಮಾತ್ ತಡವಾದರೆ ನಾನು ಹೇಗೆ ನೆನಪಿಸಬೇಕು, ಯಾವಾಗ ನೆನಪಿಸಬೇಕು, ನೀವೇ ಹೇಳಿ' ಅನ್ನುತ್ತೇನೆ. ಅವರೇ ಹೇಳುತ್ತಾರೆ. 'ಫೋನ್ ಬೇಡ, ಮೆಸೇಜ್ ಹಾಕಿ' ಅಂತ ಒಬ್ಬರು, 'ಮನೆಯವರ ಎದುರು ಬೇಡ' ಅಂತ ಇನ್ನೊಬ್ಬರು. ಆ ದಿನ ಬಂದಾಗ ಅವರು ಹೇಳಿಕೊಟ್ಟ ಮಾತನ್ನೇ ಹೇಳುತ್ತೇನೆ. ಅವಮಾನ ಅನ್ನಿಸುವುದಿಲ್ಲ, ಯಾಕಂದ್ರೆ ಅದು ಅವರದೇ ಮಾತು ಅಲ್ವಾ?

'ಕೊಡುವ ಹೊತ್ತಿಗೇ ಹೀಗೆ ಕೇಳಿದರೆ ಮುಖಕ್ಕೆ ಹೊಡೆದ ಹಾಗೆ' ಅಂತ ಮನೆಯಲ್ಲೇ ಜಗಳ ಆಯಿತು. ಆದರೆ ಸಾಲ ಕೇಳಲು ಬಂದವರಲ್ಲಿ ಎದ್ದು ಹೋದವರು ಒಬ್ಬರೇ. ಅವರಿಗೆ ಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ಊಹಿಸಬಲ್ಲೆ.

ಈಗ ನಾಲ್ಕರಲ್ಲಿ ಮೂರು ಪಾಲು ವಾಪಸ್ ಬರುತ್ತಿದೆ, ಲೆಕ್ಕ ಬಾಯಿಲೆಕ್ಕವೇ. ವಯಸ್ಸಿನಲ್ಲಿ ದೊಡ್ಡವರಾದ ನೆಂಟರಿಗೆ ಇದೇ ಪ್ರಶ್ನೆಯನ್ನು ಬೇರೆ ಥರ ಕೇಳಬೇಕು. ಅದು ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ. ಅವರಲ್ಲೂ ಕೆಲವರು ಇದನ್ನು ಓದಬಹುದು!

ನಡುವೆ ಸುಮ್ನೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ ತನ್ನ ವಿರೋಧಿಯೊಬ್ಬನಿಂದ ಅಪರೂಪದ ಪುಸ್ತಕ ಎರವಲು ಕೇಳಿ, ಓದಿ, ಸುಮಾರು ಒಂದು ವಾರದಲ್ಲಿ ಮರಳಿಸಿ, ಅವನನ್ನೇ ಸ್ನೇಹಿತನನ್ನಾಗಿ ಮಾಡಿಕೊಂಡ. ನನ್ನನ್ನು ಕಂಡರೆ ತಲೆ ತಪ್ಪಿಸಿಕೊಳ್ಳುತ್ತಿದ್ದ ಒಬ್ಬರ ಹತ್ತಿರ ನಾನೂ ಹೋಗಿ ಡ್ರಿಲ್ಲಿಂಗ್ ಮಷಿನ್ ಕೇಳಿದೆ. ಬಾಕಿಯ ಸುದ್ದಿ ಎತ್ತಲಿಲ್ಲ. ಮಷಿನ್ ಕೊಟ್ಟರು, ಗೋಡೆಗೆ ತೂತು ಕೊರೆಯುವುದನ್ನೂ ತಾವೇ ಬಂದು ಮಾಡಿದರು. ಬಾಕಿಯ ಅರ್ಧ ಆ ತಿಂಗಳೇ ಬಂತು, ಉಳಿದರ್ಧ ಇನ್ನೂ ಇಲ್ಲ. ಇನ್ನೊಬ್ಬರ ಹತ್ತಿರ ಇದೇ ಆಟ ಆಡಿದರೆ ಏನೂ ಆಗಲಿಲ್ಲ.

ಕೊಟ್ಟವನು ತಕ್ಷಣ ಮರೆಯಬೇಕು, ಪಡೆದವನು ಎಂದಿಗೂ ಮರೆಯಬಾರದು ಅಂತ ತತ್ವಜ್ಞಾನಿ ಸೆನೆಕ ಹೇಳಿದ್ದ. ಅವನು ರೋಮಿನ ಭಾರೀ ಶ್ರೀಮಂತ, ಮರೆಯುವುದು ಅವನಿಗೆ ಕಷ್ಟವೇನಲ್ಲ. ಉಪಕಾರ ಮಾಡಿದವನಿಗೆ ಪಡೆದವನ ಮೇಲಿರುವಷ್ಟು ಪ್ರೀತಿ ಪಡೆದವನಿಗೆ ಮಾಡಿದವನ ಮೇಲಿರುವುದಿಲ್ಲ ಅಂತ ಅರಿಸ್ಟಾಟಲ್ ಗಮನಿಸಿದ್ದ. ಸಾಲಗಾರನಿಗೆ, ಕೊಟ್ಟವನು ಇಲ್ಲದಿದ್ದರೇ ಒಳ್ಳೆಯದು ಅನ್ನಿಸುತ್ತದೆ, ಅದಕ್ಕೇ ಹೀಗೆ ಅಂತ ಜನ ಹೇಳುತ್ತಿದ್ದರಂತೆ. ಅರಿಸ್ಟಾಟಲ್ ಅದನ್ನು ಒಪ್ಪಲಿಲ್ಲ. ಕೈಸಾಲದ ಮಟ್ಟಿಗೆ ನಾನು ಜನರ ಪಕ್ಷ.

ತಾವೇ ಇಟ್ಟ ದಿನವನ್ನು ಪದೇಪದೇ ಮುಂದೂಡುವವರ ಮೇಲೆ ನನ್ನ ಉಪಾಯ ನಡೆಯುವುದಿಲ್ಲ. ಅಂಥವರಿಗೆ ಎರಡನೇ ಸಲ ಕೊಡುವುದಿಲ್ಲ, ಮೊದಲನೆಯದನ್ನು ಕೇಳುವುದನ್ನೂ ಬಿಟ್ಟಿದ್ದೇನೆ. ಗುಂಪಿನಲ್ಲಿ ಪ್ರವಾಸ ಹೋದಾಗಿನ ಹಂಚಿಕೆ ಲೆಕ್ಕಕ್ಕೂ ಇದು ಹೊಂದಲಿಲ್ಲ, ಅಲ್ಲಿ ಮುಂಗಡ ವಸೂಲಿಯೇ ಸರಿ.