ಪೀಕೊ ದ್ವೀಪದ ಪಾಳು ದ್ರಾಕ್ಷಿ ತೋಟವನ್ನು ಮತ್ತೆ ಎಬ್ಬಿಸುವುದು ಹೇಗೆ?

ಪೋರ್ಚುಗಲ್‌ಗೆ ಸೇರಿದ ಅಜೋರ್ಸ್ ದ್ವೀಪಗಳಲ್ಲಿ ಪೀಕೊ ಒಂದು. 2,351 ಮೀಟರ್ ಎತ್ತರದ ಜ್ವಾಲಾಮುಖಿಯ ಬುಡದಲ್ಲಿ, ಕಡಲಂಚಿನ ಕರಿಬಂಡೆಯ ಮೇಲೆ ಅಲ್ಲಿನವರು ದ್ರಾಕ್ಷಿ ಬೆಳೆದು ವೈನ್ ಮಾಡಿದರು. 1850ರ ದಶಕದಲ್ಲಿ ಬೂದಿ ರೋಗ ಬಂತು. ಆಮೇಲೆ ಬೇರು ತಿನ್ನುವ ಫಿಲಾಕ್ಸೆರಾ ಕೀಟ. ತೋಟಗಳು ಕಾಡಾದವು, ಜನ ಊರು ಬಿಟ್ಟರು. 2004ರಲ್ಲಿ ಯುನೆಸ್ಕೊ ಅಲ್ಲಿನ 987 ಹೆಕ್ಟೇರ್‌ಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಈಗ ಆ ಪಾಳು ತೋಟಗಳಲ್ಲಿ ಮತ್ತೆ ಬಳ್ಳಿ ಹಬ್ಬುತ್ತಿದೆ.

ಮೊದಲು ಪೊದೆ ಕಡಿಯಿರಿ. ಕತ್ತಿ, ಗರಗಸ ಸಾಕು.

ಎರಡನೆಯದು ಗೋಡೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಬಳ್ಳಿಗಳನ್ನು ನಾಲ್ಕಾರರಂತೆ ಸುತ್ತುವರಿಯುವ ಈ ಕಲ್ಲಿನ ಪುಟ್ಟ ಅಂಕಣಕ್ಕೆ ಅಲ್ಲಿ ಕುರಾಲ್ ಎನ್ನುತ್ತಾರೆ. ಅದು ಉಪ್ಪು ಗಾಳಿಯನ್ನು ತಡೆಯುತ್ತದೆ. ಹಗಲು ಕಾದ ಕರಿಕಲ್ಲು ರಾತ್ರಿ ಕಾವು ಬಿಡುತ್ತದೆ. ಬಿದ್ದ ಕಲ್ಲುಗಳೆಲ್ಲ ಅಲ್ಲೇ ಇರುತ್ತವೆ, ಹೊರಗಿನಿಂದ ತರಬೇಡಿ. ದೊಡ್ಡವನ್ನು ತಳಕ್ಕೆ ಕೂರಿಸಿ. ಮೇಲಿನ ಪ್ರತಿ ಕಲ್ಲೂ ಕೆಳಗಿನ ಎರಡು ಕಲ್ಲುಗಳ ಮೇಲೆ ನಿಲ್ಲಬೇಕು. ಕೈಯಿಂದ ಅಲುಗಿಸಿ ನೋಡಿ. ಅಲುಗಿದರೆ ಮಗ್ಗುಲು ಬದಲಿಸಿ, ಚೂರುಕಲ್ಲು ತುರುಕಿ ಸಮಾಧಾನ ಪಡಬೇಡಿ. ಚೂರು ಜಾರಿದ ದಿನ ಗೋಡೆಯೂ ಜಾರುತ್ತದೆ. ಸಿಮೆಂಟ್ ಖಂಡಿತ ಬೇಡ. ಸಂದುಗಳನ್ನು ಮುಚ್ಚಿದರೆ ಗಾಳಿ ಗೋಡೆಯನ್ನು ಹಾರಿ ಒಳಗೆ ಸುಳಿಯಾಗಿ ಇಳಿದು ಎಳೆಯ ಚಿಗುರನ್ನು ಮುರಿಯುತ್ತದೆ. ಸಂದುಗಳಿದ್ದರೆ ಅದೇ ಗಾಳಿ ಸೋಸಿಕೊಂಡು ಮೆತ್ತಗೆ ಬರುತ್ತದೆ. ಗಟ್ಟಿಯಾಗಲೆಂದು ಗಾರೆ ಮೆತ್ತಿದ ಗೋಡೆಯನ್ನು ನಾನು ನೋಡಿದ್ದೇನೆ. ಆ ಅಂಕಣದ ಬಳ್ಳಿಗಳನ್ನು ಕಂಡಾಗ ಸಂಕಟವಾಯಿತು.

ಮೂರನೆಯದು ನಾಟಿ. ಹಾರೆಯಿಂದ ಬಂಡೆಯ ಬಿರುಕನ್ನು ಅಗಲಿಸಿ, ಒಂದಿಷ್ಟು ಮಣ್ಣು ಹಾಕಿ, ಸಸಿ ಇಳಿಸಿ, ಬುಡಕ್ಕೆ ಕಲ್ಲು ಒತ್ತಿ. ನೀರು ಹುಡುಕಿಕೊಂಡು ಬೇರು ತಾನೇ ಆಳಕ್ಕೆ ಹೋಗುತ್ತದೆ. ಅಮೆರಿಕದ ಬೇರುಸಸಿಗೆ ಕಸಿ ಮಾಡಿದ್ದನ್ನೇ ನೆಡಿ, ಇಲ್ಲದಿದ್ದರೆ ಫಿಲಾಕ್ಸೆರಾ ಬಿಡುವುದಿಲ್ಲ. ತಳಿಗಳಲ್ಲಿ ಅರಿಂಟೊ, ವೆರ್ಡೆಲ್ಯೊ ಒಳ್ಳೆಯವು. ನನ್ನ ಮಾತು ಕೇಳುವುದಾದರೆ ಒಂದು ಮೂಲೆಯಲ್ಲಾದರೂ ಅಳಿವಿನಂಚಿಗೆ ಹೋಗಿದ್ದ ತೆರ್ರಾಂತೆಜ್ ಇರಲಿ. ರೋಗ ತಡೆಯುತ್ತದೆಂದು ಇಸಾಬೆಲ್ಲಾ ನೆಡುವುದು ಹಳೆಯ ಅಡ್ಡದಾರಿ. ರೋಗದ ಕಾಲದಲ್ಲಿ ದ್ವೀಪವನ್ನು ಆವರಿಸಿದ್ದು ಅದೇ. ನಮ್ಮ ಬೆಂಗಳೂರು ಬ್ಲೂ ಕೂಡ ಅದರ ಬಳಗದ್ದೇ. ತಿನ್ನಲು ಸೊಗಸು, ಆದರೆ ಪೀಕೊದ ವೈನ್‌ಗೆ ಅದು ಸಲ್ಲದು.

ಬೂದಿ ರೋಗಕ್ಕೆ ಗಂಧಕ ಹೊಡೆಯಿರಿ. ಗೊಂಚಲು ಬಲಿಯುವ ಮೊದಲು ಬಳ್ಳಿಗೆ ಕೋಲು ಕೊಟ್ಟು ನೆಲದಿಂದ ಎತ್ತಿ.

ಕೊಯ್ಲು ಕೈಯಿಂದಲೇ, ಈ ಗೋಡೆಗಳ ನಡುವೆ ಯಂತ್ರ ನುಗ್ಗುವುದಿಲ್ಲ. ಹಣ್ಣನ್ನು ಅಂದೇ ಹಿಂಡಿ, ರಸವನ್ನು ತಣ್ಣಗೆ ಹುದುಗಿಸಿ. ರುಚಿ ಹೆಚ್ಚಿಸಲು ಓಕ್ ಚಕ್ಕೆಯ ಚೀಲಗಳನ್ನು ಮಾರುತ್ತಾರೆ, ಕೊಳ್ಳಬೇಡಿ. ಕಡಲ ಪಕ್ಕದ ಹಣ್ಣು ಹೊತ್ತು ತಂದ ಉಪ್ಪಿನ ಎಳೆ ಆ ಮರದ ವಾಸನೆಯಲ್ಲಿ ಮುಳುಗಿಹೋಗುತ್ತದೆ.