ಹಳೇ ಮಣ್ಣಿನ ಪೈಪಿನೊಳಗೆ ಹೊಸ ಪೈಪು: ಯುಜಿಡಿ (ಒಳಚರಂಡಿ) ಲೈನಿನಲ್ಲಿ ಬೇರಿನ ಕಾಟ ನಿಲ್ಲಿಸಿದ ಬಗೆ

ಆರಿಂಚಿನ ಹಳೇ ಸ್ಟೋನ್‌ವೇರ್ (ಸುಟ್ಟ ಮಣ್ಣಿನ ಪೈಪಿನ) ಲೈನಿನೊಳಗೆ 110 ಎಂಎಂ ಎಚ್‌ಡಿಪಿಇ ಅನ್ನುವ ಗಟ್ಟಿ ಪ್ಲಾಸ್ಟಿಕ್ ಪೈಪನ್ನು ಉದ್ದಕ್ಕೂ ಒಂದೇ ತುಂಡಾಗಿ ಎಳೆದು ಕೂರಿಸಿದರೆ ಬೇರಿನ ಕಾಟ ತಪ್ಪುತ್ತದೆ ಎಂದು ನಾನು ಹೇಳಿದಾಗ ದಾವಣಗೆರೆಯ ನಮ್ಮ ಪ್ಲಂಬಿಂಗ್ ಕಸುಬಿನವರೇ ಒಪ್ಪಲಿಲ್ಲ. "ಆರಿಂಚಿನ ಲೈನಿಗೆ ನಾಲ್ಕಿಂಚು ತುರುಕಿದ್ರೆ ಕಕ್ಕಸಿನ ನೀರು ವಾಪಸ್ ಬರ್ತೈತಿ ಕಣ್ರೀ" ಅಂದರು ಕೆಲವರು. ಎರಡು ಪೈಪಿನ ನಡುವಿನ ಸಂದಿನಲ್ಲೇ ಬೇರು ಮತ್ತೆ ನುಗ್ಗುತ್ತದೆ ಅಂತ ಇನ್ನು ಕೆಲವರ ವಾದ. ಮೊದಮೊದಲು ಮಾಡಿದ ಲೈನುಗಳು ಈಗ ಮೂರು ಮಳೆಗಾಲ ದಾಟಿವೆ, ಒಂದಕ್ಕೂ ದಬ್ಬೆ ಹಾಕಿ ಕಟ್ಟು ಬಿಡಿಸುವ ಪ್ರಸಂಗ ಬಂದಿಲ್ಲ. ಕ್ಯಾಮೆರಾ ಬಿಟ್ಟು ನೋಡಿದರೆ ಒಳಗೆ ಕೂದಲೆಳೆಯಷ್ಟು ಬೇರೂ ಕಾಣುವುದಿಲ್ಲ. ದಾವಣಗೆರೆಯಲ್ಲಿ ಇದನ್ನು ಇಷ್ಟು ಸಲ ಮಾಡಿದವರು ಬೇರೆ ಯಾರೂ ಇದ್ದಂತಿಲ್ಲ.

ಪಿ.ಜೆ. ಬಡಾವಣೆ, ಎಂ.ಸಿ.ಸಿ. ಬ್ಲಾಕುಗಳ ಕಡೆಯ ಹಳೇ ಮನೆಗಳಲ್ಲಿ ಕೆಲಸ ಮಾಡಿದವರಿಗೆ ಬೇರು ನುಗ್ಗುವ ಕಾರಣ ಬಿಡಿಸಿ ಹೇಳಬೇಕಿಲ್ಲ. ಎರಡು ಅಡಿಗೊಂದು ಜಾಯಿಂಟು, ಜಾಯಿಂಟಿಗೆ ಸಣಬಿನ ಹುರಿ, ಮೇಲೆ ಸಿಮೆಂಟು. 50 ಅಡಿ ಲೈನಿನಲ್ಲಿ ಬೇರಿಗೆ ಇಪ್ಪತ್ತೈದು ಬಾಗಿಲು. ಎರೆ ಮಣ್ಣಿದ್ದ ಕಡೆ ಕಷ್ಟ ಇನ್ನೂ ಜಾಸ್ತಿ: ಮಳೆಗಾಲದಲ್ಲಿ ನೆಲ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ, ಪೈಪು ಏಳುತ್ತಾ ಇಳಿಯುತ್ತಾ ಜಾಯಿಂಟಿನ ಸಿಮೆಂಟು ಸೀಳುತ್ತದೆ. ಏಪ್ರಿಲ್ ಹೊತ್ತಿಗೆ ಸುತ್ತಲಿನ ಮಣ್ಣೆಲ್ಲ ಒಣಗಿ, ತೇವ ಉಳಿಯುವುದು ಆ ಸೀಳಿನ ಬಾಯಲ್ಲಿ ಮಾತ್ರ. ಬೇರು ಅಲ್ಲಿಗೇ ಬರುತ್ತದೆ.

ಮರಗಳಲ್ಲೂ ವ್ಯತ್ಯಾಸವಿದೆ. ತೆಂಗಿನ ಬೇರು ದಪ್ಪವಾಗುವುದಿಲ್ಲ, ಪೈಪು ಒಡೆಯುವುದಿಲ್ಲ, ಆದರೆ ಒಳಗೆ ಪೊರಕೆಯ ಹಾಗೆ ತುಂಬಿಕೊಂಡು ಕೂದಲು, ಜಿಡ್ಡು ಎಲ್ಲವನ್ನೂ ಹಿಡಿದುಕೊಳ್ಳುತ್ತದೆ. ಹೊಂಗೆ, ಬೇವು ನಿಧಾನಕ್ಕೆ ದಪ್ಪವಾಗಿ ಸಾಕೆಟ್ಟನ್ನೇ (ಪೈಪಿಗೆ ಪೈಪು ಕೂಡುವ ಅಗಲ ಬಾಯಿ) ಸೀಳುತ್ತವೆ. ಅರಳಿ, ಬಸರಿ, ರಬ್ಬರ್ ಗಿಡ ಈ ಜಾತಿ ಎಲ್ಲಕ್ಕಿಂತ ಕೆಟ್ಟದ್ದು. ಲೈನಿನಿಂದ 20 ಅಡಿ ದೂರವಿದ್ದರೂ ನಂಬಬೇಡಿ.

ಈ ದಾರಿಗೆ ಬರುವ ಮುಂಚೆ ಮಾಡಿ ನೋಡಿದ್ದು ಬಹಳ. ಎಲ್ಲದಕ್ಕೂ ದುಡ್ಡು ಹೋಗಿದೆ.

ಮೈಲುತುತ್ತದ ಕಥೆ ಎಲ್ಲರಿಗೂ ಗೊತ್ತು. ಚನ್ನಗಿರಿ ಕಡೆಯ ಅಡಿಕೆ ತೋಟದವರು ಬೋರ್ಡೋ ದ್ರಾವಣಕ್ಕೆ ಒಯ್ಯುವ ಅದೇ ತುತ್ತ, ಕಿಲೋಗೆ 300ರ ಆಸುಪಾಸು. ಕಮೋಡಿಗೆ ಎರಡು ಕಿಲೋ ಸುರಿದು ನೀರು ಬಿಟ್ಟರೆ ಅದು ಪೈಪಿನ ತಳ ಹಿಡಿದು ನಿಮಿಷಗಳಲ್ಲಿ ಬೀದಿಯ ಮ್ಯಾನ್‌ಹೋಲ್ ಸೇರುತ್ತದೆ. ಬೇರು ತೂಗುವುದು ಪೈಪಿನ ಮೇಲ್ಭಾಗದಿಂದ ಮತ್ತು ಪಕ್ಕದಿಂದ. ತುತ್ತ ತಗುಲಿದ ತುದಿ ಸಾಯುತ್ತದೆ, ಬುಡ ಹಾಗೇ ಇರುತ್ತದೆ. ಸೆಪ್ಟಿಕ್ ಟ್ಯಾಂಕ್ ಇರುವ ಮನೆಗಂತೂ ಹಾಕಲೇಬೇಡಿ, ಒಳಗಿನ ಸೂಕ್ಷ್ಮಜೀವಿಗಳು ಸತ್ತು ಟ್ಯಾಂಕು ಬೇಗ ತುಂಬುತ್ತದೆ. ಕಲ್ಲುಪ್ಪಿನದೂ ಇದೇ ಹಣೆಬರಹ. ಆಸಿಡ್ಡು ಇನ್ನೂ ಅನಾಹುತ: ಬೇರಿಗಿಂತ ಮೊದಲು ಜಾಯಿಂಟಿನ ಸಿಮೆಂಟನ್ನು ತಿನ್ನುತ್ತದೆ.

ತುದಿಗೆ ಕಟರ್ ಇರುವ ಸ್ಪ್ರಿಂಗ್ ಮೆಷಿನ್ ಹಾಕಿ ಬೇರು ಕತ್ತರಿಸುವುದು ಒಳ್ಳೆಯದೇ, ಆದರೆ ಅದು ಗಿಡದ ಕೊಂಬೆ ಸವರಿದ ಹಾಗೆ. ಕತ್ತರಿಸಿದ ಜಾಗದಲ್ಲಿ ಇನ್ನಷ್ಟು ಕವಲೊಡೆದು ಎಂಟು ತಿಂಗಳು, ವರ್ಷದೊಳಗೆ ವಾಪಸ್. ಒಂದು ಸಲಕ್ಕೆ 2,500ರಿಂದ 3,000 ಎಂದರೂ ಐದಾರು ವರ್ಷಕ್ಕೆ ಮನೆಯವರ ಕೈಯಿಂದ 20,000 ಹೋಗಿರುತ್ತದೆ, ಲೈನು ಮಾತ್ರ ಇದ್ದಂತೇ ಇರುತ್ತದೆ. ಜಾಯಿಂಟಿನ ಸುತ್ತ ಕಾಂಕ್ರೀಟ್ ಹಾಕಿ ಮುಚ್ಚಿದ ಲೈನುಗಳೂ ಎರೆ ಮಣ್ಣಿನಲ್ಲಿ ಎರಡು ಬೇಸಿಗೆ ತಾಳಲಿಲ್ಲ. ನೆಲ ಏಳುವಾಗ ಕಾಂಕ್ರೀಟು ಪೈಪಿನ ಸಮೇತ ಬಿರುಕು ಬಿಡುತ್ತದೆ.

"ಮರಾನೇ ಕಡಿಸಿಬಿಡ್ರಿ" ಅನ್ನುವ ಮನೆಯವರಿಗೆ ಎರಡು ಮಾತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ, ಕೆಲವು ಜಾತಿ ಬಿಟ್ಟರೆ, ಅನುಮತಿ ಇಲ್ಲದೆ ಮರ ಕಡಿಯುವಂತಿಲ್ಲ. ಕಡಿದರೂ ಹೊಂಗೆ ಬೇರಿನಿಂದಲೇ ಚಿಗುರುತ್ತದೆ. ದಪ್ಪ ಬೇರು ಸತ್ತು ಕೊಳೆತರೆ ಆ ಜಾಗ ಟೊಳ್ಳಾಗಿ ಲೈನು ಕೂರುತ್ತದೆ, ವಾಟ (ಇಳಿಜಾರು) ಕೆಡುತ್ತದೆ. ಅರವತ್ತು ಅಡಿ ರಸ್ತೆಗೆ ನೆರಳು ಕೊಡುವ ಮರ ಕಳೆದುಕೊಂಡು ಸಿಗುವುದು ಇಷ್ಟೇ.

ಇನ್ನು ಕೆಲಸಕ್ಕೆ ಬರೋಣ.

ಮೊದಲು ಬೇರು ತೆಗೆಯಬೇಕು. ಚಿಕ್ಕ ಕಟರ್‌ನಿಂದ ಶುರು ಮಾಡಿ: ಮೂರಿಂಚು, ಆಮೇಲೆ ನಾಲ್ಕು, ಕೊನೆಗೆ ಐದೂವರೆ. ನೇರವಾಗಿ ದೊಡ್ಡದು ಬಿಟ್ಟರೆ ಬೇರಿನ ಗಂಟಿಗೆ ಸಿಕ್ಕಿ ಸ್ಪ್ರಿಂಗು ಮುರುಟುತ್ತದೆ, ಇಲ್ಲವೇ ಸಾಕೆಟ್ಟಿನ ತುಟಿ ಹಾರುತ್ತದೆ. ಕತ್ತರಿಸುವಾಗ ಮೇಲಿನ ಚೇಂಬರಿನಿಂದ (ಲೈನು ನೋಡಲು ಕಟ್ಟಿದ ಇಟ್ಟಿಗೆ ಗುಂಡಿ) ನೀರು ಬಿಡುತ್ತಲೇ ಇರಬೇಕು. ಕೆಳಗಿನ ಚೇಂಬರಿನ ಹೊರಬಾಯಿಗೆ ಕಬ್ಬಿಣದ ಜಾಲರಿ ಕಟ್ಟದೆ ಮೆಷಿನ್ ಆನ್ ಮಾಡಬೇಡಿ. ಬೇರಿನ ಉಂಡೆ ಬೀದಿ ಲೈನಿಗೆ ಹೋಗಿ ಕಟ್ಟಿಕೊಂಡರೆ ಇಡೀ ಓಣಿಯವರು ಮನೆ ಮುಂದೆ ನಿಲ್ಲುತ್ತಾರೆ. ಮ್ಯಾನ್‌ಹೋಲಿನೊಳಗೆ ಯಾರನ್ನೂ ಇಳಿಸಬಾರದು, ಸುರಕ್ಷಾ ಸಾಧನವಿಲ್ಲದೆ ಇಳಿಸಿ ಸ್ವಚ್ಛ ಮಾಡಿಸುವುದನ್ನು ಮಲ ಬಾಚುವ ಪದ್ಧತಿ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ. ಕೆಳಗಿನ ಗಾಳಿ ಒಂದೆರಡು ಉಸಿರಿನಲ್ಲೇ ಜೀವ ತೆಗೆಯಬಲ್ಲದು. ನಾನು ಹೇಳುವ ಕೆಲಸ ಪೂರ್ತಿ ಮೇಲಿನಿಂದ ಮಾಡುವಂಥದ್ದು. ಇಳಿಯಲೇಬೇಕು ಅನ್ನುವ ಕೆಲಸವಾದರೆ ಅದನ್ನು ಒಪ್ಪಿಕೊಳ್ಳುವುದಿಲ್ಲ.

ಆಮೇಲೆ ಕ್ಯಾಮೆರಾ. ಮೊಬೈಲಿಗೆ ಜೋಡಿಸುವ 20 ಮೀಟರ್ ಕೇಬಲ್ಲಿನದು ಸಾಕು. ಕೇಬಲ್ ಮೇಲೆ ಅಡಿಗೊಂದು ಟೇಪ್ ಸುತ್ತಿ, ಎಷ್ಟನೇ ಅಡಿಯಲ್ಲಿ ಏನಿದೆ ಎಂದು ಬರೆದಿಡಿ. ಇಲ್ಲಿ ಮುಖ್ಯವಾಗಿ ನೋಡಬೇಕಾದ್ದು ನಡುದಾರಿಯಲ್ಲಿ ಬಂದು ಸೇರುವ ಲೈನು. ಹಳೇ ಮನೆಗಳಲ್ಲಿ ಬಚ್ಚಲಿನದೋ ಹಿತ್ತಲಿನದೋ ಪೈಪು ಚೇಂಬರ್ ಇಲ್ಲದೆ ಮಧ್ಯಕ್ಕೇ ಸೇರಿರುತ್ತದೆ. ಅದನ್ನು ಗಮನಿಸದೆ ಒಳಪೈಪು ಎಳೆದರೆ ಆ ಬಾಯಿ ಶಾಶ್ವತವಾಗಿ ಮುಚ್ಚಿತು. ಮನೆಯ ಪ್ರತಿ ಸಿಂಕು, ಪ್ರತಿ ಜಾಲಿಗೂ ಬಣ್ಣದ ನೀರು ಸುರಿದು ಯಾವ ಚೇಂಬರಿನಲ್ಲಿ ಬಂತು ಅಂತ ನೋಡಿಕೊಳ್ಳಿ. ಮೇಲಿನ ಚೇಂಬರಿಗೆ ಬಾರದೆ ಕೆಳಗಿನದರಲ್ಲಿ ಮಾತ್ರ ಕಂಡ ಬಣ್ಣ ಮಧ್ಯದಲ್ಲಿ ಸೇರುತ್ತಿದೆ ಎಂದರ್ಥ. ಅಲ್ಲಿ ಅಗೆದು ಹೊಸ ಚೇಂಬರ್ ಕಟ್ಟಲೇಬೇಕು.

ಮೂರನೆಯದು ಡಮ್ಮಿ. ನಾಲ್ಕಡಿ ಉದ್ದದ 110 ಎಂಎಂ ತುಂಡಿಗೆ ಎರಡೂ ಕಡೆ ಹಗ್ಗ ಕಟ್ಟಿ ಲೈನಿನ ಈ ತುದಿಯಿಂದ ಆ ತುದಿಗೆ ಎಳೆಯಿರಿ. ಅದು ಪಾಸಾದರೆ ಉದ್ದದ ಪೈಪೂ ಪಾಸಾಗುತ್ತದೆ. ಎಲ್ಲಿ ನಿಂತಿತೋ ಅಲ್ಲಿ ಜಾಯಿಂಟು ಇಳಿದಿದೆ, ಮೇಲಿನಿಂದ ಮೂರಡಿ ಉದ್ದ ಅಗೆದು ಒಂದು ಪೈಪು ತೆಗೆದುಹಾಕಿ. ಅಂಥವು ಒಂದೆರಡು ಇದ್ದರೆ ಈ ವಿಧಾನ ಲಾಭ. ನಾಲ್ಕೈದಾದರೆ ಪೂರ್ತಿ ಅಗೆಯುವುದೇ ಮೇಲು, ಮನೆಯವರಿಗೆ ಅದನ್ನೇ ಹೇಳಿ.

ಪೈಪಿನ ದರ್ಜೆ ಪಿಇ 80, ಒತ್ತಡದ ದರ್ಜೆ ಪಿಎನ್ 8. ಗೋಡೆ ಸುಮಾರು 8 ಎಂಎಂ, ಒಳಗೆ 94 ಎಂಎಂ ಉಳಿಯುತ್ತದೆ. ಒಂದು ಮನೆಯ ನೀರಿಗೆ ಇದು ಧಾರಾಳ. 1:60 ವಾಟ (60 ಅಡಿಗೆ ಒಂದಡಿ ಇಳಿಜಾರು) ಇದ್ದರೆ, ಒಳಮೈ ನುಣುಪಾದ್ದರಿಂದ, ಜಾಯಿಂಟು ಸೀಳಿದ ಆರಿಂಚಿಗಿಂತ ಚೆನ್ನಾಗಿ ಕೊಚ್ಚಿಕೊಂಡು ಹೋಗುತ್ತದೆ. ವಾಪಸ್ ಬರುತ್ತದೆ ಅಂದವರ ಎದುರಿಗೇ ಮೂರು ಕಮೋಡ್ ಒಟ್ಟಿಗೆ ಫ್ಲಶ್ ಮಾಡಿಸಿ ಕೆಳಗಿನ ಚೇಂಬರ್ ತೆರೆದು ತೋರಿಸಿದ್ದಾಯಿತು. ಸುರುಳಿಯಲ್ಲಿ ಸಿಗುವುದು ಬೇಡ, ಬಾಗಿದ ಗುಣ ಬಿಡುವುದಿಲ್ಲ. 6 ಮೀಟರ್ ತುಂಡುಗಳನ್ನು ನೆಲದ ಮೇಲೇ ಬಿಸಿ ಪ್ಲೇಟಿನಲ್ಲಿ ಬೆಸೆದು ಒಂದೇ ಪೈಪು ಮಾಡಿಕೊಳ್ಳಿ. ಪ್ಲೇಟು 200ರಿಂದ 220 ಡಿಗ್ರಿ. ಬೆಸುಗೆಯ ಒಳಗಡೆ ಏಳುವ ಉಂಗುರವನ್ನು ಬಿಸಿ ಇರುವಾಗಲೇ ಕೆರೆದು ತೆಗೆಯಬೇಕು, ಬಿಟ್ಟರೆ ಅದಕ್ಕೇ ಬಟ್ಟೆ, ಕೂದಲು ಸಿಕ್ಕಿಕೊಳ್ಳುತ್ತವೆ.

ಒಳಗೆ ತೂರಿಸಲು ಒಂದು ಕಡೆ ಗುಂಡಿ ಬೇಕೇ ಬೇಕು. 110ರ ಪೈಪು ಸುಮಾರು 2.75 ಮೀಟರಿಗಿಂತ ಚಿಕ್ಕ ಸುತ್ತಿಗೆ ಬಾಗಬಾರದು. ಲೈನು ಮೂರಡಿ ಆಳದಲ್ಲಿದ್ದರೆ ಗುಂಡಿ ಹತ್ತಡಿ ಉದ್ದ, ಎರಡಡಿಯಾದರೆ ಎಂಟಡಿ. ಗುಂಡಿಯನ್ನು ಗ್ರಾನೈಟ್ ಹಾಸಿನ ಕಡೆ ತೆಗೆಯದೆ ಹೂವಿನ ಗಿಡದ ಪಾತಿ ಕಡೆ ಬರುವಂತೆ ನೋಡಿಕೊಂಡರೆ ಅರ್ಧ ಖರ್ಚು ಉಳಿಯಿತು. ಪೈಪಿನ ಮುಂತುದಿಯನ್ನು ಒಂದಡಿ ಉದ್ದಕ್ಕೆ ಎಂಟು ಎಸಳಾಗಿ ಸೀಳಿ, ಒಳಕ್ಕೆ ಮಡಚಿ ಮೊನೆ ಮಾಡಿ ಬೋಲ್ಟ್ ಹಾಕಿ. ಉಕ್ಕಿನ ಹಗ್ಗ, ಆ ತುದಿಯಲ್ಲಿ ಕೈ ವಿಂಚು. ಒಬ್ಬರು ಎಳೆಯಬೇಕು, ಇಬ್ಬರು ಹಿಂದಿನಿಂದ ತಳ್ಳಬೇಕು. ಜಾರಿಕೆಗೆ ನಾನು ಏನು ಬಳಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ, ಇಂಜಿನ್ ಆಯಿಲ್ ಅಲ್ಲ, ಇಷ್ಟು ಸಾಕು.

ಎಳೆದ ಕೂಡಲೇ ತುದಿ ಕತ್ತರಿಸಬಾರದು. ಈ ಕೆಲಸದಲ್ಲಿ ಹೆಚ್ಚು ಜನ ಕೆಡಿಸಿಕೊಳ್ಳುವುದು ಇಲ್ಲೇ. ನಮ್ಮ ಬಿಸಿಲಿಗೆ ಕಪ್ಪು ಪೈಪು ಕೈ ಇಡಲಾರದಷ್ಟು ಕಾದಿರುತ್ತದೆ, ನೆಲದೊಳಗೆ ತಣ್ಣಗಾದಾಗ 15 ಮೀಟರಿಗೆ ಎರಡು ಮೂರು ಇಂಚು ಕುಗ್ಗುತ್ತದೆ. ಎಳೆದಾಗ ಹಿಗ್ಗಿದ್ದೂ ಸೇರಿ ಚೇಂಬರ್ ಗೋಡೆಯೊಳಕ್ಕೆ ತುದಿ ಮಾಯವಾಗುತ್ತದೆ. ಬೆಳಿಗ್ಗೆ ಎಳೆಯಿರಿ, ಎರಡೂ ಕಡೆ ಒಂದೂವರೆ ಅಡಿ ಹೆಚ್ಚಿಗೆ ಬಿಡಿ, ಮಾರನೇ ದಿನ ಕತ್ತರಿಸಿ.

ಸಂದಿಗೆ ಬೇರು ಬರುತ್ತದೆ ಅಂದವರ ಮಾತಿನಲ್ಲಿ ಸತ್ಯವಿದೆ. ಸಂದನ್ನು ಹಾಗೇ ಬಿಟ್ಟರೆ ಬೇರು ಹೊಸ ಪೈಪಿಗೆ ಏನೂ ಮಾಡಲಾಗದು, ಆದರೆ ಅದರ ಮೈ ಹಿಡಿದು ಉದ್ದಕ್ಕೂ ಬಂದು ಚೇಂಬರಿನಲ್ಲಿ ತಲೆ ಹಾಕುತ್ತದೆ. ಆದ್ದರಿಂದ ತೆಳು ಸಿಮೆಂಟ್ ಹಾಲು ತುಂಬಬೇಕು. ಎರಡು ಪೈಪಿನ ನಡುವೆ ಮೀಟರಿಗೆ ಎಂಟು ಲೀಟರ್ ಜಾಗ, 15 ಮೀಟರಿಗೆ ಲೆಕ್ಕದಲ್ಲಿ 120 ಲೀಟರ್. ಸೀಳಿದ ಜಾಯಿಂಟುಗಳಿಂದ ಮಣ್ಣಿಗೆ ಹೋಗುವುದು ಸೇರಿ 160-170 ಹಿಡಿಯುತ್ತದೆ, ಅಂದರೆ ಸಿಮೆಂಟು ಮೂರು ಚೀಲದ ಹತ್ತಿರ. ತುಂಬುವ ಮುಂಚೆ ಒಳಪೈಪಿನ ಎರಡೂ ಬಾಯಿ ಮುಚ್ಚಿ ನೀರು ತುಂಬಿಸಿ. ಎಚ್‌ಡಿಪಿಇ ನೀರಿಗಿಂತ ಹಗುರ. ಖಾಲಿ ಇದ್ದರೆ ಸಿಮೆಂಟ್ ಹಾಲಿನಲ್ಲಿ ತೇಲಿ ಹಳೇ ಪೈಪಿನ ನೆತ್ತಿಗೆ ಅಂಟುತ್ತದೆ, ವಾಟವೆಲ್ಲ ಏರುಪೇರು. ಇನ್ನೊಂದು ವಿಷಯ, ಈ ಪೈಪಿಗೆ ಸಿಮೆಂಟು ಹಿಡಿಯುವುದಿಲ್ಲ. ಚೇಂಬರ್ ಗೋಡೆಯಲ್ಲಿ ಹಾದುಹೋಗುವ ಕಡೆ ರಬ್ಬರ್ ರಿಂಗು ತೊಡಿಸಿ 1:3 ಗಾರೆಯಲ್ಲಿ ಕೂರಿಸಿ. ಎಷ್ಟು ರಿಂಗು, ಎಲ್ಲೆಲ್ಲಿ ಅನ್ನುವುದು ನಮ್ಮ ಕೈಗುಟ್ಟು.

ಚೇಂಬರಿನ ಇಟ್ಟಿಗೆ ಗೋಡೆಯನ್ನೂ ಮರೆಯಬಾರದು. ಬೇರು ಅಲ್ಲಿಂದಲೂ ಬರುತ್ತದೆ. ಹಳೇ ಗಾರೆ ಕೊಚ್ಚಿ, ವಾಟರ್‌ಪ್ರೂಫ್ ಸೇರಿಸಿ ಹೊಸದಾಗಿ ಮೆತ್ತಿ, ಬೆಂಚಿಂಗ್ (ಚೇಂಬರ್ ತಳದ ಇಳಿಜಾರು ಗಾರೆ) ಸರಿ ಮಾಡಿ.

ಖರ್ಚು: 50 ಅಡಿ ಲೈನಿಗೆ ಪೈಪು 6,000ದ ಸುಮಾರು, ಬೆಸುಗೆ ಮೆಷಿನ್ ಬಾಡಿಗೆ, ಬೇರು ಕತ್ತರಿಸಿದ್ದು, ಗುಂಡಿ, ಸಿಮೆಂಟು, ಕೂಲಿ ಎಲ್ಲ ಸೇರಿ 22ರಿಂದ 25 ಸಾವಿರ. ಹಾಸುಗಲ್ಲು ಕಿತ್ತು, ಪೂರ್ತಿ ಅಗೆದು, ಮತ್ತೆ ಹಾಸಿ ಕೊಡುವುದಕ್ಕೆ 45-50 ಸಾವಿರದ ಕೆಳಗೆ ಯಾರೂ ಬರುವುದಿಲ್ಲ.

ಪಕ್ಕದಲ್ಲಿ ಮಾಡಿ ನೋಡಿದ್ದು ಇನ್ನೂ ಕೆಲವಿವೆ. ಪಿವಿಸಿಯನ್ನು ಎರಡಡಿ ತುಂಡು ಮಾಡಿ ಚೇಂಬರಿನಿಂದಲೇ ಒಂದೊಂದಾಗಿ ಅಂಟಿಸಿ ತಳ್ಳಿದರೆ ಗುಂಡಿ ಉಳಿಯುತ್ತದಲ್ಲ ಅನ್ನಿಸಿತ್ತು. ಕಪ್ಲರ್ ಪ್ರತಿ ಸಾಕೆಟ್ಟಿಗೂ ತಾಗುತ್ತದೆ, ಜೋರು ಮಾಡಿದರೆ ಅಂಟು ಬಿಟ್ಟು ತುಂಡು ಒಳಗೇ ಉಳಿಯುತ್ತದೆ. ಸೋಪಿನ ನೊರೆಗೆ ತುತ್ತ ಬೆರೆಸಿ ಪೈಪಿನ ನೆತ್ತಿಯವರೆಗೂ ತುಂಬಿಸುವ ಪ್ರಯೋಗದಲ್ಲಿ ನೊರೆ ಹತ್ತು ನಿಮಿಷ ನಿಲ್ಲಲಿಲ್ಲ. ಮರಕ್ಕೂ ಲೈನಿಗೂ ನಡುವೆ ಹಳೇ ನೀರಿನ ಟ್ಯಾಂಕು ಸೀಳಿದ ಪ್ಲಾಸ್ಟಿಕ್ ಹಾಳೆಯನ್ನು ಎರಡೂವರೆ ಅಡಿ ಆಳಕ್ಕೆ ನಿಲ್ಲಿಸಿದ್ದು ಎಳೇ ಹೊಂಗೆಗೆ ಕೆಲಸ ಮಾಡಿದೆ. ಹಾಳೆಯ ಮೇಲಂಚು ನೆಲದಿಂದ ಎರಡಿಂಚು ಹೊರಗಿರಬೇಕು, ಮುಚ್ಚಿದರೆ ಬೇರು ಮೇಲಿನಿಂದ ದಾಟುತ್ತದೆ. ಬಸರಿಗೆ ಇದು ಲೆಕ್ಕಕ್ಕಿಲ್ಲ, ಕೆಳಗಿನಿಂದ ನುಸುಳಿತು.

ನಾಲ್ಕಿಂಚಿನ ಮಣ್ಣಿನ ಪೈಪು ಇರುವ ಕಡೆ ಈ ವಿಧಾನ ಬೇಡ. ಒಳಗೆ ಹೋಗುವುದು 75ರ ಪೈಪು, ಕಕ್ಕಸಿನ ಲೈನಿಗೆ ಅದು ಸಾಲದು. ಅಲ್ಲಿ ಅಗೆದು ಪಿವಿಸಿಯನ್ನೇ ಹಾಕಿ: ರಿಂಗ್ ಜಾಯಿಂಟು ಬಿಟ್ಟು ಸಾಲ್ವೆಂಟ್ ಅಂಟು ಹಚ್ಚಿ, ವಾಟ 1:40 ಇಡಿ. ಎರೆ ಮಣ್ಣಾದರೆ ಅಗೆದ ಮಣ್ಣನ್ನೇ ವಾಪಸ್ ತುಂಬಬೇಡಿ. ಕೆಳಗೆ ನಾಲ್ಕಿಂಚು ಮರಳು, ಪಕ್ಕಕ್ಕೂ ಮೇಲಕ್ಕೂ ಅಷ್ಟೇ, ಆಮೇಲೆ ಗ್ರಾವೆಲ್ಲು.