ಎರಡು ಕಲ್ಲುಗಳ ಲೆಕ್ಕ

ಗಣಿತದ ಪಠ್ಯಪುಸ್ತಕಗಳಲ್ಲಿ ಒಬ್ಬ ಹಳೆಯ ಪರಿಚಿತನಿದ್ದಾನೆ: ಮೋಸಗಾರ ವ್ಯಾಪಾರಿ. ಕೊಂಡ ಬೆಲೆಗೇ ಮಾರುತ್ತೇನೆ ಎನ್ನುತ್ತಾನೆ, ಆದರೆ ಕಿಲೋಗ್ರಾಂ ಬದಲು 900 ಗ್ರಾಮಿನ ಕಲ್ಲಿಟ್ಟು ತೂಗುತ್ತಾನೆ. ಅವನ ಲಾಭ ಶೇಕಡಾ ಎಷ್ಟು? ಉತ್ತರ 11.11. ಮಕ್ಕಳು ಅದರ ಕೆಳಗೆ ಎರಡು ಗೆರೆ ಎಳೆದು ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ. ಮೋಸ ಹೋದವನ ಸುದ್ದಿಯೇ ಇಲ್ಲ. ಹಾಗೆ ಅವನನ್ನು ಹೊರಗಿಟ್ಟು ಲೆಕ್ಕ ಮುಗಿಸುವುದೂ ಒಂದು ಲೋಕದೃಷ್ಟಿಯೇ.

ನಾನು ಕ್ರೈಸ್ತ ಶಾಲೆಯೊಂದರಲ್ಲಿ ಗಣಿತ ಮತ್ತು ಭೌತವಿಜ್ಞಾನ ಕಲಿಸುತ್ತೇನೆ. ಪಾಠದಲ್ಲಿ ನಂಬಿಕೆ ಕಾಣಬೇಕು ಎಂದು ಆಡಳಿತ ಮಂಡಳಿ ಹೇಳಿದಾಗ ಬಹಳ ಮಂದಿ ಹಿಡಿಯುವ ದಾರಿ ಒಂದೇ: ಪಾಠಯೋಜನೆಯ ಕೊನೆಯ ಅಂಕಣದಲ್ಲೊಂದು ಬೈಬಲ್ ವಚನ. ಕೂಡುವ ಲೆಕ್ಕಕ್ಕೆ ಯೇಸು ಜನರಿಗೆ ಉಣಿಸಿದ ಐದು ರೊಟ್ಟಿ, ಎರಡು ಮೀನು, ತ್ರಿಭುಜಕ್ಕೆ ತ್ರಯೇಕತ್ವ, ಅಂದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರೆಂಬ ನಂಬಿಕೆ. ನನಗದು ಒಗ್ಗಲಿಲ್ಲ. ಅದರಿಂದ ತ್ರಯೇಕ ದೇವರೂ ಅರ್ಥವಾಗುವುದಿಲ್ಲ, ತ್ರಿಭುಜವೂ ಅರ್ಥವಾಗುವುದಿಲ್ಲ. ಪಾಠವೇ ಮನುಷ್ಯನ ಬಗ್ಗೆಯೋ ಸತ್ಯದ ಬಗ್ಗೆಯೋ ಏನನ್ನಾದರೂ ಹೇಳುತ್ತಿರುವ ಜಾಗವನ್ನು ಹುಡುಕಿ, ಅಲ್ಲಿ ಮಾತ್ರ ಬೈಬಲ್ ತೆರೆಯುತ್ತೇನೆ. ವರ್ಗ ಸಮೀಕರಣಕ್ಕೆ ವಚನ ಹುಡುಕುವ ಗೋಜಿಗೆ ಹೋಗುವುದಿಲ್ಲ. ಅದನ್ನು ಚೆನ್ನಾಗಿ ಕಲಿಸಿದರೆ ಸಾಕು.

ವ್ಯಾಪಾರಿಯ ಲೆಕ್ಕ ಅಂಥದೊಂದು ಜಾಗ. ಬೈಬಲಿನ ಧರ್ಮೋಪದೇಶಕಾಂಡದ 25ನೆಯ ಅಧ್ಯಾಯ ಮೋಸದ ತೂಕವನ್ನು ಬಳಸಬೇಡ ಎಂದಷ್ಟೇ ಹೇಳಿ ಬಿಡುವುದಿಲ್ಲ. ದೊಡ್ಡದೊಂದು, ಚಿಕ್ಕದೊಂದು ಕಲ್ಲು ಚೀಲದಲ್ಲಿ ಇರಲೇಬಾರದು ಎನ್ನುತ್ತದೆ. ಎರಡೇಕೆ ಎಂದು ತರಗತಿಯನ್ನು ಕೇಳುತ್ತೇನೆ. ಸ್ವಲ್ಪ ಹೊತ್ತಿನಲ್ಲೇ ಯಾರಾದರೂ ಗುಟ್ಟು ಹಿಡಿಯುತ್ತಾರೆ: ಕೊಳ್ಳುವಾಗ ದೊಡ್ಡದು, ಮಾರುವಾಗ ಚಿಕ್ಕದು. ಹಾಗಾದರೆ ದೊಡ್ಡದು 1100 ಗ್ರಾಂ, ಚಿಕ್ಕದು 900 ಗ್ರಾಂ ಇರಲಿ, ಲಾಭವೆಷ್ಟು? ‘ಶೇಕಡಾ 20’ ಎಂದು ಇಡೀ ತರಗತಿ ಒಕ್ಕೊರಲಿನಿಂದ ಕೂಗುತ್ತದೆ. ಕಿಲೋಗ್ರಾಮಿಗೆ ದರ 100 ಎಂದು ಹಿಡಿದು ಬಿಡಿಸಿ ನೋಡುತ್ತೇವೆ. 100 ಕೊಟ್ಟು 1100 ಗ್ರಾಂ ಪಡೆದವನು ಅದನ್ನು 900ರ ಕಲ್ಲಿನಲ್ಲಿ ತೂಗಿ ಮಾರಿದರೆ ಕೈಗೆ ಬರುವುದು 122.22. ಲಾಭ 20 ಅಲ್ಲ, 22.22. ಆಮೇಲೆ ಪಠ್ಯಪುಸ್ತಕ ಕೇಳದ ಪ್ರಶ್ನೆ: ಈ 22.22 ಯಾರ ಜೇಬಿನಿಂದ ಬಂತು? ಬೆಳೆದವನು 100 ಗ್ರಾಂ ಬಿಟ್ಟಿಯಾಗಿ ಕೊಟ್ಟ, ಅವನಿಗೆ ನಷ್ಟ 10. ಕೊಂಡವರಿಗೆ ನಷ್ಟ 12.22. ಎರಡನ್ನೂ ಕೂಡಿಸಿದರೆ ವ್ಯಾಪಾರಿಯ ಲಾಭ ಚಾಚೂ ತಪ್ಪದೆ ಸಿಗುತ್ತದೆ.

ಇಷ್ಟಾದ ಮೇಲೆ ಬೈಬಲಿನ ಆಮೋಸನ ಗ್ರಂಥದ 8:5 ಓದಿಸುತ್ತೇನೆ. ಕ್ರಿಸ್ತಪೂರ್ವ ಎಂಟನೆಯ ಶತಮಾನದ ಆ ಪ್ರವಾದಿ ಬೈಯುತ್ತಿರುವುದು ಧಾನ್ಯ ಅಳೆಯುವ ಏಫವನ್ನು ಕಿರಿದು ಮಾಡಿ, ಬೆಳ್ಳಿ ತೂಗುವ ಶೆಕೆಲನ್ನು ಹಿರಿದು ಮಾಡಿದವರನ್ನು. ಎರಡರಲ್ಲೂ ಹತ್ತು ಹತ್ತು ಶೇಕಡಾ ಮೋಸವೆಂದುಕೊಂಡು ಲೆಕ್ಕ ಹಾಕಿ ಎಂದರೆ ಮತ್ತೆ ಅದೇ 22.22. ಪ್ರವಾದಿಯ ಸಿಟ್ಟಿನ ಪ್ರಮಾಣವನ್ನು ಮಕ್ಕಳು ತಾವೇ ಕಂಡುಹಿಡಿದಿರುತ್ತಾರೆ. ನಾನು ಉಪದೇಶ ಮಾಡಬೇಕಾಗಿಯೇ ಬರುವುದಿಲ್ಲ.

ವಿಜ್ಞಾನ ಕಲಿಸುತ್ತೇನೆ ಎಂದೊಡನೆ ಎಲ್ಲರೂ ಮೊದಲು ಕೇಳುವುದು ಸೃಷ್ಟಿ ಮತ್ತು ವಿಕಾಸದ ಚರ್ಚೆಯನ್ನು. ನನ್ನ ಪ್ರಯೋಗಾಲಯದಲ್ಲಿ ದಿನವೂ ಎದುರಾಗುವುದು ಅದಲ್ಲ, ತಿದ್ದಿದ ರೀಡಿಂಗ್. ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷ 9.8 ಬರಬೇಕೆಂದು ಗೊತ್ತಿರುವ ಮಕ್ಕಳು ಉತ್ತರದಿಂದ ಹಿಂದಕ್ಕೆ ಬಂದು ಸೆಕೆಂಡುಗಳನ್ನು ಹೊಂದಿಸುತ್ತಾರೆ. ಅವರಿಗೆ ನಾನು ಖಗೋಳವಿಜ್ಞಾನಿ ಕೆಪ್ಲರನ ಕಥೆ ಹೇಳುತ್ತೇನೆ. ಮಂಗಳ ಗ್ರಹಕ್ಕೆ ಅವನು ಕಟ್ಟಿದ ವೃತ್ತದ ಮಾದರಿಗೂ ಖಗೋಳ ವೀಕ್ಷಕ ಟೈಕೋ ಬ್ರಾಹೆಯ ವೀಕ್ಷಣೆಗೂ ಇದ್ದ ವ್ಯತ್ಯಾಸ ಬರೀ 8 ಕೋನ-ನಿಮಿಷ, ಪೂರ್ಣಚಂದ್ರನ ಅಗಲದ ಸುಮಾರು ಕಾಲು ಭಾಗ. ಕಣ್ಣುಮುಚ್ಚಿಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಬ್ರಾಹೆಯಂಥ ಶ್ರದ್ಧಾವಂತ ವೀಕ್ಷಕನನ್ನು ದೇವರು ಕರುಣೆಯಿಂದ ಕೊಟ್ಟಿರುವಾಗ ಆ ಅಂತರವನ್ನು ಕಡೆಗಣಿಸಲಾಗದು ಎಂದು ಬರೆದು, ವರ್ಷಗಳ ದುಡಿಮೆಯನ್ನೇ ಕೈಬಿಟ್ಟು ಹೊಸದಾಗಿ ಆರಂಭಿಸಿದ. ದೀರ್ಘವೃತ್ತದ ಕಕ್ಷೆ 1609ರಲ್ಲಿ ಪ್ರಕಟವಾಯಿತು. ನನ್ನಲ್ಲಿ 9.4 ಎಂದು ಬರೆದು ದೋಷ ಎಲ್ಲಿಂದ ಬಂದಿರಬಹುದೆಂದು ವಿವರಿಸಿದವರಿಗೆ ಪೂರ್ಣ ಅಂಕ. ಎಲ್ಲ ರೀಡಿಂಗುಗಳೂ ಮುತ್ತು ಪೋಣಿಸಿದಂತೆ 9.8 ತೋರಿಸಿದರೆ ಪ್ರಯೋಗವನ್ನು ನನ್ನೆದುರೇ ಮತ್ತೆ ಮಾಡಬೇಕು.

ತರಗತಿಯಲ್ಲಿ ಬೇರೆ ಧರ್ಮದವರಿದ್ದಾರೆ, ಯಾವುದನ್ನೂ ನಂಬದವರಿದ್ದಾರೆ. ‘ಬೈಬಲ್ ಹೀಗೆ ಹೇಳುತ್ತದೆ’, ‘ನಾನು ಇದನ್ನು ನಂಬುತ್ತೇನೆ’ ಎಂಬ ಎರಡು ವಾಕ್ಯಗಳನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಮೂರನೆಯದನ್ನು, ‘ನೀವೂ ನಂಬಬೇಕು’ ಎಂಬುದನ್ನು, ಅಂಕ ಕೊಡುವ ಪೆನ್ನು ಕೈಯಲ್ಲಿರುವವರು ಹೇಳಬಾರದು. ಸರಿಯಾದ ತೂಕಕ್ಕೆ ದೇವರೇಕೆ, ಕಾನೂನು ಸಾಲದೇ ಎಂದು ಹುಡುಗನೊಬ್ಬ ಕೇಳಿದ. ಪ್ರಶ್ನೆಯನ್ನು ಹಲಗೆಯ ಮೂಲೆಯಲ್ಲಿ ಬರೆದು, ವಾರವಿಡೀ ಅಳಿಸದೆ ಬಿಟ್ಟೆ. ಎರಡೂ ಕಡೆಯವರು ಜೋರಾಗಿಯೇ ವಾದಿಸಿದರು. ತೀರ್ಪು ಕೊಡಲು ನಾನು ಹೋಗಲಿಲ್ಲ.

ಮೌಲ್ಯಮಾಪನವೂ ತೂಕವೇ ತಾನೆ? ಬೈಬಲಿನಲ್ಲಿರುವ ಯಾಕೋಬನ ಪತ್ರದ ಎರಡನೆಯ ಅಧ್ಯಾಯ ಪಕ್ಷಪಾತವನ್ನು ಪಾಪವೆಂದೇ ಕರೆಯುತ್ತದೆ. ಉತ್ತರಪತ್ರಿಕೆಯ ಮೊದಲ ಪುಟವನ್ನು ಮಡಚಿ, ಹೆಸರು ಕಾಣದಂತೆ ಮಾಡಿ, ಎಲ್ಲರ ಒಂದನೆಯ ಪ್ರಶ್ನೆ ಮುಗಿದ ಮೇಲೆ ಎರಡನೆಯದಕ್ಕೆ ಕೈ ಹಾಕುತ್ತೇನೆ. ಬೇಸರದ ಕೆಲಸ, ಆದರೆ ಬೆಳಗಿನ ಪ್ರಾರ್ಥನೆಯಲ್ಲಿ ನಾನು ಹೇಳುವ ಮಾತಿಗಿಂತ ಮಕ್ಕಳು ಇದನ್ನೇ ಹೆಚ್ಚು ಗಮನಿಸುತ್ತಾರೆ.

ಈಚೆಗೆ ಚಕ್ರಬಡ್ಡಿಯ ಪಾಠಕ್ಕೆ ಯಾಜಕಕಾಂಡದ 25ನೆಯ ಅಧ್ಯಾಯವನ್ನು ಜೋಡಿಸಿದ್ದೇನೆ. ಅಲ್ಲಿ ಹೊಲದ ಬೆಲೆ ನಿಂತಿರುವುದು ಜೂಬಿಲಿ ವರ್ಷಕ್ಕೆ ಇನ್ನೆಷ್ಟು ಬೆಳೆ ಬಾಕಿ ಎಂಬುದರ ಮೇಲೆ. ಐವತ್ತನೆಯ ವರ್ಷ ಹೊಲ ಮೂಲ ಕುಟುಂಬಕ್ಕೆ ಮರಳುತ್ತದೆ. ಅಂದರೆ ಸೊನ್ನೆಗೆ ಇಳಿಯುವ ನೇರ ರೇಖೆ. ಶೇಕಡಾ 10ರ ಚಕ್ರಬಡ್ಡಿಯ ಸಾಲವಾದರೋ 49 ವರ್ಷಗಳಲ್ಲಿ ಸುಮಾರು 107 ಪಟ್ಟಾಗುತ್ತದೆ. ಎರಡನ್ನೂ ಒಂದೇ ಗ್ರಾಫ್ ಹಾಳೆಯಲ್ಲಿ ಬಿಡಿಸಬೇಕು. ಇದಕ್ಕೆ ಎರಡು ಅವಧಿ ಬೇಕೇ ಬೇಕು, ಮೊದಲನೆಯದು ಅಳತೆಮಾನ ಆರಿಸುವ ಜಗಳದಲ್ಲೇ ಮುಗಿದುಹೋಗುತ್ತದೆ.